ಮಳೆಗಾಲದ ನಾಲ್ಕು ದೀಪಕ್ಕೆ ಸಾಲ: ಬ್ಯಾಂಕೋ, ಸಂಘವೋ, ಅಂಗಡಿಯ ಕಂತೋ?

ಪ್ರಶ್ನೆ: ನಮ್ಮದು ಶಿರಸಿ ತಾಲ್ಲೂಕಿನ ಒಳಹಳ್ಳಿ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರು ನಾಲ್ಕು ದಿನ ಕರೆಂಟು ಬರುವುದಿಲ್ಲ. ಉಳಿದ ದಿನಗಳಲ್ಲಿ ತೊಂದರೆ ಕಡಿಮೆ, ಗೃಹಜ್ಯೋತಿಯಿಂದ ಬಿಲ್ಲೂ ಸೊನ್ನೆ. ನಾಲ್ಕು ದೀಪ, ಒಂದು ಫ್ಯಾನ್, ಸಣ್ಣ ಟಿವಿ, ಮೊಬೈಲ್ ಚಾರ್ಜಿಂಗ್ ಇಷ್ಟಕ್ಕೆ ಅಂಗಡಿಯವರು 100 ವ್ಯಾಟ್ ಪ್ಯಾನೆಲ್, 100 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಸೇರಿಸಿ 40,000 ರೂಪಾಯಿ ಹೇಳಿದ್ದಾರೆ. 6,000 ಮುಂಗಡ ಕೊಟ್ಟರೆ ಉಳಿದದ್ದಕ್ಕೆ 'ವರ್ಷಕ್ಕೆ ಶೇ 12ರಂತೆ' ಮೂರು ವರ್ಷದ ಕಂತು ಅವರೇ ಮಾಡಿಕೊಡುತ್ತಾರಂತೆ. ಹೆಂಡತಿ ಸ್ವಸಹಾಯ ಸಂಘದಲ್ಲಿದ್ದಾಳೆ. ಅರ್ಧ ಎಕರೆ ಅಡಿಕೆ, ಎರಡು ಹಸು ಇವೆ. ಸರ್ಕಾರವೇ 78 ಸಾವಿರ ಸಬ್ಸಿಡಿ ಕೊಡುತ್ತದೆ ಎಂದೂ ಒಬ್ಬರು ಹೇಳಿದರು. ಯಾವ ದಾರಿ ಹಿಡಿಯಲಿ?

ಉತ್ತರ: ಮೊದಲು ಆ 78 ಸಾವಿರದ ಮಾತು ಮುಗಿಸೋಣ. ಅದು 2024ರ ಫೆಬ್ರುವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಮೊತ್ತ. ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು ಗರಿಷ್ಠ 78,000. ಸುಳ್ಳಲ್ಲ, ಆದರೆ ಅದು ನಿಮಗೆ ಬೇಕಾದ ವಸ್ತುವಿಗೆ ಸಿಗುವ ಹಣ ಅಲ್ಲ. ಈ ಸಬ್ಸಿಡಿ ನಿಮ್ಮ ಕಡೆಯ ವಿದ್ಯುತ್ ಕಂಪನಿ ಹೆಸ್ಕಾಂ ಲೈನಿಗೆ ಜೋಡಿಸಿದ ಚಾವಣಿ ಘಟಕಕ್ಕೆ ಮಾತ್ರ. ಅಂಥ ಘಟಕದ ಇನ್ವರ್ಟರ್ ಲೈನಿನಲ್ಲಿ ಕರೆಂಟು ಹೋದ ಕ್ಷಣವೇ ತಾನೂ ನಿಲ್ಲುವಂತೆ ಮಾಡಿರುತ್ತಾರೆ. ನಿಮ್ಮ ಮನೆಯಿಂದ ಲೈನಿಗೆ ವಿದ್ಯುತ್ ಹರಿದು, ಕಂಬ ಹತ್ತಿ ರಿಪೇರಿ ಮಾಡುವ ಲೈನ್‌ಮನ್ ಜೀವಕ್ಕೆ ಅಪಾಯವಾಗಬಾರದು ಎಂಬುದೇ ಕಾರಣ. ಹಾಗಾಗಿ ಮರ ಬಿದ್ದ ದಿನ ಚಾವಣಿಯ ಮೇಲೆ ಮೂರು ಕಿಲೋವ್ಯಾಟ್ ಪ್ಯಾನೆಲ್ ಇದ್ದರೂ ಮನೆಯೊಳಗೆ ಕತ್ತಲೆಯೇ. ಬ್ಯಾಟರಿ ಸೇರಿಸಿಕೊಳ್ಳಬಹುದು, ಆದರೆ ಬ್ಯಾಟರಿಗೆ ಪ್ರತ್ಯೇಕ ಸಬ್ಸಿಡಿ ಇಲ್ಲ. ಮೇಲಾಗಿ ಅದರ ಲಾಭವೆಲ್ಲ ಬಿಲ್ ಉಳಿತಾಯದಲ್ಲಿ, ನಿಮ್ಮ ಬಿಲ್ ಈಗಲೇ ಸೊನ್ನೆ. ಉಳಿಸಲು ಏನೂ ಇಲ್ಲದ ಮನೆಗೆ ಒಂದೂವರೆ ಲಕ್ಷದ ಸಾಲ ಬೇಡ. ಗೃಹಜ್ಯೋತಿಯ 200 ಯೂನಿಟ್ ಮೀರಿ ಪೂರ್ತಿ ಬಿಲ್ ಕಟ್ಟುವ ಮನೆಗಳ ಲೆಕ್ಕ ಬೇರೆ.

ನಿಮಗೆ ಬೇಕಾದದ್ದು ಬ್ಯಾಟರಿ ಇರುವ ಸಣ್ಣ ಮನೆದೀಪ ವ್ಯವಸ್ಥೆ. ಅದೂ ಎಲ್ಲರಿಗೂ ಬೇಕಿಲ್ಲ. ಕರೆಂಟು ದಿನಕ್ಕೆ ಎರಡು ಮೂರು ಗಂಟೆ ಹೋಗಿ ಬರುವ ಊರಾಗಿದ್ದರೆ ಮಾಮೂಲಿ ಇನ್ವರ್ಟರ್ ಸಾಕು, ಸೋಲಾರಿಗೆ ಸಾಲ ಮಾಡಬೇಡಿ ಎಂದೇ ಹೇಳುತ್ತಿದ್ದೆ. ಇನ್ವರ್ಟರ್ ಸೋಲುವುದು ಎರಡನೇ ದಿನ, ಮತ್ತೆ ಚಾರ್ಜ್ ಆಗಲು ಕರೆಂಟೇ ಇಲ್ಲದಾಗ. ಮೂರು ನಾಲ್ಕು ದಿನದ ಕತ್ತಲೆ ಇರುವುದರಿಂದ ನಿಮ್ಮ ಬೇಡಿಕೆ ನ್ಯಾಯವಾದದ್ದೇ. ಮನೆಯಲ್ಲಿ ಆಗಲೇ ಇನ್ವರ್ಟರ್ ಇದ್ದರೆ ಮಾತ್ರ ಪೂರ್ತಿ ಹೊಸ ಸೆಟ್ ಕೊಳ್ಳದೆ, ಅದರ ಬ್ಯಾಟರಿಗೇ ಒಂದು ಪ್ಯಾನೆಲ್ ಮತ್ತು ಸೋಲಾರ್ ಚಾರ್ಜ್ ಕಂಟ್ರೋಲರ್ (ಬ್ಯಾಟರಿ ತುಂಬುವುದನ್ನೂ ಖಾಲಿಯಾಗುವುದನ್ನೂ ಹತೋಟಿಯಲ್ಲಿಡುವ ಪೆಟ್ಟಿಗೆ) ಜೋಡಿಸಬಹುದೇ ಎಂದು ವಿಚಾರಿಸಿ. ಆಗ ಸಾಲದ ಅಗತ್ಯವೇ ಬೀಳದಿರಬಹುದು.

ಸಾಲದ ಮಾತಿಗೆ ಮೊದಲು ಅಂಗಡಿಯವರ ಅಳತೆ ನೋಡಬೇಕು. ಮನೆಯ ಸೋಲಾರ್ ಸಾಲ ಮುಳುಗುವುದು ಬಡ್ಡಿಗಿಂತ ಹೆಚ್ಚಾಗಿ ಅಳತೆ ತಪ್ಪಿದ್ದರಿಂದ. ಐದು ವ್ಯಾಟಿನ ನಾಲ್ಕು ಎಲ್‌ಇಡಿ ದೀಪ ದಿನಕ್ಕೆ ಐದು ಗಂಟೆ ಉರಿದರೆ 100 ವ್ಯಾಟ್‌ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ). ಬ್ಯಾಟರಿಯಿಂದ ನೇರ ಓಡುವ 20 ವ್ಯಾಟಿನ ಡಿಸಿ ಫ್ಯಾನ್ ಐದು ಗಂಟೆಗೆ ಇನ್ನೊಂದು 100. 25 ವ್ಯಾಟಿನ ಡಿಸಿ ಟಿವಿ ಮೂರು ಗಂಟೆಗೆ 75. ಎರಡು ಮೊಬೈಲಿಗೆ 25. ಒಟ್ಟು 300. ಬ್ಯಾಟರಿಯಲ್ಲಿ, ತಂತಿಯಲ್ಲಿ, ಪ್ಯಾನೆಲ್ ಮೇಲಿನ ಪಾಚಿ ಧೂಳಿನಲ್ಲಿ ಸುಮಾರು ಮೂರನೇ ಒಂದು ಭಾಗ ಸೋರಿಹೋಗುತ್ತದೆ. ಹಾಗಾಗಿ ಪ್ಯಾನೆಲ್ ದಿನಕ್ಕೆ 460ರಷ್ಟು ಉತ್ಪಾದಿಸಬೇಕು. ಫಾಲ್ಗುಣದ ಬಿಸಿಲಿನಲ್ಲಿ ದಿನಕ್ಕೆ ಸುಮಾರು ಆರು ಗಂಟೆಯ ಪೂರ್ಣ ಬಿಸಿಲಿನಷ್ಟು ಬೆಳಕು ಸಿಗುತ್ತದೆ, ಆಗ 100 ವ್ಯಾಟ್ ಪ್ಯಾನೆಲ್ ಧಾರಾಳ ಸಾಕು. ಅಂಗಡಿಯವರು ತೋರಿಸಿದ್ದು ಈ ಲೆಕ್ಕ. ಆದರೆ ನಿಮಗೆ ಸೋಲಾರ್ ಬೇಕಿರುವುದು ಆರಿದ್ರೆಯಿಂದ ಆಶ್ಲೇಷದವರೆಗಿನ ಮಳೆಗೆ. ಆಗ ಅದು ಮೂರು ಗಂಟೆಗೆ ಇಳಿಯುತ್ತದೆ, ಜಡಿಮಳೆ ಹಿಡಿದರೆ ಅದಕ್ಕೂ ಕೆಳಗೆ. 100 ವ್ಯಾಟ್ ಪ್ಯಾನೆಲ್‌ನಿಂದ ಆಗ ಮನೆಗೆ ದಕ್ಕುವುದು ದಿನಕ್ಕೆ 195 ವ್ಯಾಟ್‌ಅವರ್. ನೀವು ಬಳಸುವುದು 300. ಉಳಿದ ನೂರೈದನ್ನು ದಿನದಿನವೂ ಬ್ಯಾಟರಿಯಿಂದ ಹೀರುತ್ತೀರಿ.

ಹಾಗೆ ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಉಳಿದ ಸೀಸ-ಆಮ್ಲದ ಬ್ಯಾಟರಿಯೊಳಗೆ ತಟ್ಟೆಗಳ ಮೇಲೆ ಸಲ್ಫೇಟ್ ಹರಳು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಬಿಸಿಲು ಬಂದರೂ ಅದು ಪೂರ್ತಿ ತುಂಬುವುದಿಲ್ಲ. ನಾಲ್ಕೈದು ವರ್ಷ ಬಾಳಬೇಕಾದದ್ದು ಎರಡನೇ ಮಳೆಗಾಲಕ್ಕೇ ಸುಸ್ತಾಗುತ್ತದೆ. ಉರಿಯದ ದೀಪಕ್ಕೆ ಕಂತು ಕಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ. ಕಂತು ನಿಂತಿತು, ಮ್ಯಾನೇಜರ್ ಬೇಸರಗೊಂಡರು, ಆ ಶಾಖೆಯಲ್ಲಿ ಮುಂದಿನವರಿಗೆ ಸೋಲಾರ್ ಸಾಲ ಮುಚ್ಚಿಹೋಯಿತು. ಐವತ್ತು ವ್ಯಾಟಿನ ಕೊರತೆ ಇಷ್ಟೆಲ್ಲ ಮಾಡುತ್ತದೆ.

ಆದ್ದರಿಂದ ಪ್ಯಾನೆಲ್ 150 ವ್ಯಾಟ್‌ಗಿಂತ ಕಡಿಮೆ ಬೇಡ. ಬ್ಯಾಟರಿ 12 ವೋಲ್ಟಿನ 100 ಎಎಚ್ ಸರಿಯಾಗಿದೆ, ಟ್ಯೂಬ್ಯುಲರ್ (ಒಳಗೆ ಕೊಳವೆಯಾಕಾರದ ತಟ್ಟೆ ಇರುವ) ಮಾದರಿಯೇ ಇರಲಿ. ಅದರಲ್ಲಿ 1,200 ವ್ಯಾಟ್‌ಅವರ್ ಇರುತ್ತದೆ, ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಕೈಗೆ 600. ಲೈನ್ ತುಂಡಾದ ದಿನಗಳಲ್ಲಿ ಟಿವಿ ಬಿಟ್ಟರೆ ಬಳಕೆ 225ಕ್ಕೆ ಇಳಿಯುತ್ತದೆ. ಆಗ ಒಂದು ಹನಿ ಬಿಸಿಲಿಲ್ಲದೆ ಎರಡು ದಿನಕ್ಕೂ ಮಿಕ್ಕಿ ತಡೆಯುತ್ತದೆ. ಚಾರ್ಜ್ ಕಂಟ್ರೋಲರ್ ಕರೆಂಟಿನಿಂದಲೂ ಬ್ಯಾಟರಿ ತುಂಬುವ ಮಾದರಿಯದ್ದಾದರೆ ಇನ್ನೂ ಒಳ್ಳೆಯದು, ಲೈನ್ ತುಂಡಾಗುವ ಹೊತ್ತಿಗೆ ಬ್ಯಾಟರಿ ತುಂಬಿಯೇ ಇರುತ್ತದೆ. ಪ್ಯಾನೆಲ್‌ನಿಂದ ಬ್ಯಾಟರಿಗೆ ಬರುವ ತಂತಿ 4 ಚದರ ಮಿಲಿಮೀಟರ್ ಇರಬೇಕು. 12 ವೋಲ್ಟಿನ ವ್ಯವಸ್ಥೆಯಲ್ಲಿ ಎಂಟು ಆಂಪಿಯರ್ ಹತ್ತು ಮೀಟರ್ ದೂರ ಬರುವಾಗ ಒಂದೂವರೆ ಚದರ ಮಿಲಿಮೀಟರ್ ತಂತಿಯಲ್ಲಿ ಸುಮಾರು ಎರಡು ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ, ನಾಲ್ಕರದ್ದಾದರೆ ಒಂದು ವೋಲ್ಟ್ ಒಳಗೇ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಅಡಿಕೆ ಮರದ ಒಂದು ಸೋಗೆಯ ನೆರಳೂ ಪ್ಯಾನೆಲ್ ಮೇಲೆ ಬೀಳಬಾರದು. ಒಂದು ಮೂಲೆಗೆ ನೆರಳು ಬಿದ್ದರೂ ಉತ್ಪಾದನೆ ದೊಡ್ಡ ಪಾಲು ಕುಸಿಯುತ್ತದೆ. ದಕ್ಷಿಣಕ್ಕೆ ಮುಖ, 15 ಡಿಗ್ರಿ ಇಳಿಜಾರು. ಮಂಗಗಳ ಕಾಟ ಇರುವ ಊರಾದರೆ ತಂತಿಯನ್ನು ಪೈಪಿನೊಳಗೆ ಹಾಯಿಸಿ, ಜಗ್ಗಿದರೆ ಬಿಚ್ಚದಂತೆ ಕ್ಲ್ಯಾಂಪ್ ಹಾಕಿಸಿ.

ಇನ್ನು ಹಣ. ಅಳತೆ ಹೆಚ್ಚಿದ್ದರಿಂದ ಬೆಲೆ ಸ್ವಲ್ಪ ಬದಲಾಗಬಹುದು, ಲೆಕ್ಕಕ್ಕೆ 40,000ವನ್ನೇ ಹಿಡಿಯೋಣ. 6,000 ನಿಮ್ಮ ಕೈಯಿಂದ, 34,000 ಸಾಲ.

ಅಂಗಡಿಯವರ 'ಶೇ 12' ಎಂದರೆ ಫ್ಲಾಟ್ ದರ ಇರಬೇಕು. ನೀವು ಎಷ್ಟು ಅಸಲು ತೀರಿಸಿದ್ದರೂ ಕೊನೆಯ ತಿಂಗಳವರೆಗೂ ಪೂರ್ತಿ 34,000ಕ್ಕೇ ಬಡ್ಡಿ ಹಾಕುವ ಲೆಕ್ಕ ಅದು. ವರ್ಷಕ್ಕೆ 4,080ರಂತೆ ಮೂರು ವರ್ಷಕ್ಕೆ 12,240 ಬಡ್ಡಿ, ತಿಂಗಳಿಗೆ 1,284 ಕಂತು. ಬ್ಯಾಂಕಿನ ರೀತಿಯಲ್ಲಿ, ಉಳಿದ ಅಸಲಿಗೆ ಮಾತ್ರ ಬಡ್ಡಿ ಎಂದು ನೋಡಿದರೆ ಇದು ಶೇ 21ಕ್ಕೂ ಹೆಚ್ಚು. ಬ್ಯಾಂಕಿನಲ್ಲಿ ಶೇ 11ಕ್ಕೆ ಸಿಕ್ಕರೆ ಮೂರು ವರ್ಷಕ್ಕೆ ತಿಂಗಳ ಕಂತು 1,113, ಒಟ್ಟು ಬಡ್ಡಿ 6,072. ಅರ್ಧಕ್ಕೆ ಅರ್ಧ. ಅಂಗಡಿಯವರು ಮೋಸ ಮಾಡುತ್ತಿದ್ದಾರೆ ಎನ್ನುತ್ತಿಲ್ಲ, ಎಷ್ಟೋ ಅಂಗಡಿಯವರು ತಾವೂ ಬೇರೆ ಕಡೆ ಸಾಲ ತಂದೇ ಕಂತು ಕೊಡುವುದು. ಆದರೆ ಒಂದೇ ಹೆಸರಿನ ಎರಡು ಶೇಕಡಾಗಳನ್ನು ಪಕ್ಕದಲ್ಲಿಟ್ಟು ಹೋಲಿಸಬೇಡಿ. ಕೇಳಬೇಕಾದದ್ದು ಎರಡೇ ಅಂಕಿ: ಕಂತು ಎಷ್ಟು, ಎಷ್ಟು ಕಂತು. ಗುಣಿಸಿ 34,000 ಕಳೆದರೆ ನಿಜ ಗೊತ್ತಾಗುತ್ತದೆ. 2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಹಣಕಾಸು ಕಂಪನಿಗಳೂ ಇಂಥ ಚಿಲ್ಲರೆ ಸಾಲಕ್ಕೆ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್' ಕೊಡಲೇಬೇಕು, ನಿಮಗೆ ಅರ್ಥವಾಗುವ ಭಾಷೆಯಲ್ಲಿ. ಶುಲ್ಕ, ವಿಮೆ ಎಲ್ಲ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಸಹಿಗೆ ಮೊದಲು ಅದನ್ನು ಕೇಳಿ ಪಡೆಯಿರಿ.

ಶೇ 11ರ ಮೂರು ವರ್ಷದ ಸಾಲವೇ ನಿಮಗೆ ಒಪ್ಪುತ್ತದೆಯೇ? ನನ್ನ ಉತ್ತರ: ಅದಕ್ಕಿಂತ ಒಳ್ಳೆಯ ದಾರಿ ಇದೆ. ನಿಮ್ಮ ಆದಾಯ ಎರಡು ಬಗೆಯದು. ಹಾಲಿನ ಬಟವಾಡೆ ವರ್ಷವಿಡೀ ಸಣ್ಣದಾಗಿ ಬರುತ್ತದೆ, ಅಡಿಕೆ ದುಡ್ಡು ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದಾಗ ಒಮ್ಮೆಗೇ. ಹಸು ಬತ್ತಿದ ತಿಂಗಳು 1,113 ಭಾರವಾಗುತ್ತದೆ. ಕಂತು ತಪ್ಪುವುದು ಬಡತನದಿಂದ ಎನ್ನುವುದಕ್ಕಿಂತ ಕಂತಿನ ದಿನಕ್ಕೂ ದುಡ್ಡು ಬರುವ ದಿನಕ್ಕೂ ಹೊಂದಿಕೆ ಇಲ್ಲದ್ದರಿಂದ. ಆದ್ದರಿಂದ ಸಾಲವನ್ನು ಐದು ವರ್ಷಕ್ಕೆ ಬರೆಸಿ, ಕಂತು 739ಕ್ಕೆ ಇಳಿಯುತ್ತದೆ. ಅದನ್ನು ಹಾಲಿನ ಹಣ ಜಮೆಯಾಗುವ ಖಾತೆಗೇ ಜೋಡಿಸಿ. ಪ್ರತಿ ವರ್ಷ ಅಡಿಕೆ ಮಾರಿದಾಗ 5,000 ಹೆಚ್ಚುವರಿಯಾಗಿ ಅಸಲಿಗೆ ಕಟ್ಟಿ. ಹೀಗೆ ಮಾಡಿದರೆ ಮೊದಲ ವರ್ಷದ ಕೊನೆಗೆ ಬಾಕಿ ಸುಮಾರು 23,600, ಎರಡನೆಯದಕ್ಕೆ 12,000, ಮೂರನೇ ಅಡಿಕೆಯಲ್ಲಿ 4,060 ಕಟ್ಟಿದರೆ ಸಾಲ ಚುಕ್ತಾ. ಒಟ್ಟು ಬಡ್ಡಿ 6,670ರ ಆಸುಪಾಸು. ಮೂರು ವರ್ಷದ ಬಿಗಿ ಕಂತಿಗಿಂತ 600 ರೂಪಾಯಿ ಮಾತ್ರ ಹೆಚ್ಚು, ಆದರೆ ಬೆಳೆ ಕೊಳೆರೋಗಕ್ಕೆ ಹೋದ ವರ್ಷ ಹೆಚ್ಚುವರಿ ಕಟ್ಟದಿದ್ದರೂ ನೀವು ಸುಸ್ತಿದಾರರಾಗುವುದಿಲ್ಲ. ಇದು ನಡೆಯಬೇಕಾದರೆ ಮುಂಗಡ ಪಾವತಿಗೆ ದಂಡ ಇಲ್ಲ ಎಂಬುದು ಪತ್ರದಲ್ಲಿ ಬರೆದಿರಬೇಕು. ಕಟ್ಟುವಾಗಲೂ 'ಅಸಲಿಗೆ ಜಮೆ' ಎಂದು ಚಲನ್‌ನಲ್ಲಿ ಬರೆಯಿರಿ, ಇಲ್ಲವಾದರೆ ಮುಂದಿನ ಕಂತುಗಳಿಗೆ ಹಿಡಿದುಕೊಳ್ಳುವುದುಂಟು.

ಮೂರು ವರ್ಷದಲ್ಲಿ ತೀರಿಸಿ ಎಂದು ಒತ್ತಿ ಹೇಳಲು ಕಾರಣ ಬ್ಯಾಟರಿ. ಪ್ಯಾನೆಲ್ 25 ವರ್ಷ ಬಾಳುತ್ತದೆ, ಬ್ಯಾಟರಿ ಚೆನ್ನಾಗಿ ನೋಡಿಕೊಂಡರೂ ನಾಲ್ಕೈದು ವರ್ಷ. ಐದು ವರ್ಷ ಪೂರ್ತಿ ಎಳೆದರೆ ಬಡ್ಡಿ 10,354 ಆಗುವುದಷ್ಟೇ ಅಲ್ಲ, ಕೊನೆಯ ವರ್ಷ ಹಳೆಯ ಸಾಲದ ಕಂತೂ ಹೊಸ ಬ್ಯಾಟರಿಯ ಖರ್ಚೂ ಒಟ್ಟಿಗೇ ಬೀಳುತ್ತವೆ. ಸಾಲದ ಆಯಸ್ಸು ಬ್ಯಾಟರಿಯ ಆಯಸ್ಸಿಗಿಂತ ಚಿಕ್ಕದಿರಬೇಕು. ಜೊತೆಗೆ ಮೊದಲ ತಿಂಗಳಿಂದಲೇ ಅಂಚೆ ಕಚೇರಿಯಲ್ಲಿ 200 ರೂಪಾಯಿಯ ಆರ್‌ಡಿ ತೆರೆಯಿರಿ. ಐದು ವರ್ಷಕ್ಕೆ ಸುಮಾರು 14 ಸಾವಿರ ಆಗುತ್ತದೆ. ಹಳೆಯ ಬ್ಯಾಟರಿಯ ಸೀಸಕ್ಕೂ ಬೆಲೆ ಇದೆ. ಎರಡೂ ಸೇರಿದರೆ ಹೊಸದಕ್ಕೆ ಸಾಲ ಬೇಕಾಗಲಿಕ್ಕಿಲ್ಲ.

ಬಾಂಗ್ಲಾದೇಶದ ಅನುಭವ ಇಲ್ಲಿ ನೆನಪಿಗೆ ಬರುತ್ತದೆ. ಅಲ್ಲಿ ಇಡ್ಕಾಲ್ ಎಂಬ ಸರ್ಕಾರಿ ಹಣಕಾಸು ಸಂಸ್ಥೆ 2003ರಿಂದ ಗ್ರಾಮೀಣ ಶಕ್ತಿಯಂಥ ಸಂಸ್ಥೆಗಳ ಮೂಲಕ ಕಂತಿನ ಮೇಲೆ 40 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಸೋಲಾರ್ ಕೊಡಿಸಿತು. ಜಗತ್ತಿನಲ್ಲೇ ಅಷ್ಟು ದೊಡ್ಡದು ಇನ್ನೊಂದಿರಲಿಲ್ಲ. ಆಮೇಲೆ ಎಣಿಸಿದ್ದಕ್ಕಿಂತ ಬೇಗ ಕರೆಂಟಿನ ಕಂಬಗಳು ಬಂದವು, ಕೆಲವು ಕಡೆ ಸರ್ಕಾರವೇ ಉಚಿತವಾಗಿ ಸೋಲಾರ್ ಹಂಚಿತು. ಸಾಲ ಮಾಡಿದವರು ಕಟ್ಟುವುದನ್ನು ಬಿಟ್ಟರು, ಊರೂರಿಗೆ ಹೋಗಿ ವಸೂಲಿ ಮಾಡುತ್ತಿದ್ದ ಸಂಸ್ಥೆಗಳು ಸೊರಗಿದವು. ನಿಮ್ಮ ಮನೆಗೆ ಕಂಬ ಆಗಲೇ ಬಂದಿದೆ. ನಾಳೆ ಲೈನ್ ಸುಧಾರಿಸಿದರೆ ಸೋಲಾರ್ ಕಂತು ಕಟ್ಟುವ ಉತ್ಸಾಹ ಇಳಿಯುವುದು ಸಹಜ. ಅವಧಿ ಚಿಕ್ಕದಿರಲಿ ಎನ್ನಲು ಇದೂ ಕಾರಣ.

ಈಗ ಯಾರ ಬಳಿ ಹೋಗುವುದು ಎಂಬುದು. ಮನೆದೀಪಕ್ಕೆ ಬ್ಯಾಂಕ್ ಸಾಲ ನಮ್ಮ ನಾಡಿಗೆ ಹೊಸತಲ್ಲ. ಹರೀಶ್ ಹಂದೆಯವರು 1995ರಲ್ಲಿ ಸೆಲ್ಕೊ ಎಂಬ ಸೋಲಾರ್ ಕಂಪನಿ ಕಟ್ಟಿದಾಗ ಹಿಡಿದ ದಾರಿಯೇ ಇದು: ದೀಪವನ್ನು ಉಚಿತವಾಗಿ ಹಂಚುವ ಬದಲು ಬಡವರಿಗೆ ಬ್ಯಾಂಕಿನ ಸಾಲ ಕೊಡಿಸುವುದು. ಹಳೆಯ ಮಲಪ್ರಭಾ ಗ್ರಾಮೀಣ ಬ್ಯಾಂಕ್ ಆ ಕಾಲದಲ್ಲೇ ಇಂಥ ಸಾಲ ಕೊಟ್ಟಿತ್ತು. 2003ರಿಂದ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಬಡ್ಡಿ ಇಳಿಸಿ, ಆ ರಿಯಾಯಿತಿಯನ್ನು ಹಂತಹಂತವಾಗಿ ಹಿಂದೆಗೆದುಕೊಳ್ಳುತ್ತ, 20 ಸಾವಿರದ ಆಸುಪಾಸು ಮನೆಗಳಿಗೆ ಸಾಲ ಕೊಟ್ಟವು. ಈಗ ಸಿಂಡಿಕೇಟ್ ಕೆನರಾದೊಳಗೆ ಸೇರಿದೆ, ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಿಂದ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಶಾಖೆಯಲ್ಲಿ ಹೊಸ ಮ್ಯಾನೇಜರ್ 'ಅಂಥ ಸಾಲ ನಮ್ಮಲ್ಲಿಲ್ಲ' ಎಂದರೆ ಅಳುಕಬೇಡಿ. ಮನೆಗಳ ಸೌರ ವ್ಯವಸ್ಥೆಗೆ ಒಬ್ಬರಿಗೆ 10 ಲಕ್ಷದವರೆಗಿನ ಸಾಲ ಆದ್ಯತಾ ವಲಯದ ಲೆಕ್ಕಕ್ಕೆ ಸೇರುತ್ತದೆ ಎಂದು ರಿಸರ್ವ್ ಬ್ಯಾಂಕ್ ನಿಯಮವೇ ಇದೆ, ಅದನ್ನು ವಿನಯದಿಂದ ನೆನಪಿಸಿ. ಅವರ ಕಷ್ಟವೂ ನಿಜ: 34 ಸಾವಿರದ ಸಾಲಕ್ಕೂ ಮೂರು ಲಕ್ಷದ ಸಾಲದಷ್ಟೇ ಕಾಗದ, ಕಂತು ನಿಂತರೆ ಪ್ಯಾನೆಲ್ ಬಿಚ್ಚಿ ತಂದು ಮಾರಿದರೂ ಏನೂ ಹುಟ್ಟುವುದಿಲ್ಲ. ಅದಕ್ಕೇ ಒಬ್ಬರೇ ಹೋಗಬೇಡಿ. ನಿಮ್ಮ ಕೇರಿಯ ಎಂಟು ಹತ್ತು ಮನೆಯವರು ಒಟ್ಟಾಗಿ, ಒಂದೇ ಮಾದರಿಯ ಕೊಟೇಶನ್ ಹಿಡಿದು ಹೋದರೆ ಮ್ಯಾನೇಜರಿಗೆ ಒಂದೇ ಭೇಟಿಯಲ್ಲಿ ಪರಿಶೀಲನೆ ಮುಗಿಯುತ್ತದೆ, ಅಂಗಡಿಯವರಿಗೂ ಸರ್ವಿಸ್‌ಗೆ ಬರಲು ಗಿಟ್ಟುತ್ತದೆ. ಆಧಾರ್, ಪ್ಯಾನ್, ಪಾಸ್‌ಬುಕ್, ಪಂಚಾಯಿತಿಯ ಮನೆ ತೆರಿಗೆ ರಸೀದಿ, ಪಹಣಿ, ಡೈರಿಯ ಹಾಲಿನ ಪುಸ್ತಕ ಒಯ್ಯಿರಿ. ಹಾಲಿನ ಪುಸ್ತಕವನ್ನು ಮರೆಯಬೇಡಿ, ನಿಮ್ಮ ತಿಂಗಳ ಆದಾಯಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಬ್ಯಾಂಕ್ ಒಲಿಯದಿದ್ದರೆ ಊರಿನ ಸೊಸೈಟಿ ಕೇಳಿ. ಅಡಿಕೆ ಅಲ್ಲೇ ಹಾಕುವವರಾದರೆ ವರ್ಷಕ್ಕೊಂದೇ ಕಂತು ಮಾಡಿಕೊಡುವ ಸಾಧ್ಯತೆ ಇದೆ. ಅದೇ ಶೇ 11ಕ್ಕೆ ಮೂರು ವಾರ್ಷಿಕ ಕಂತಾದರೆ ತಲಾ 13,913. ಮೊತ್ತ ದೊಡ್ಡದು, ಅರ್ಧ ಎಕರೆಯವರಿಗೆ ಒಂದೇ ಏಟಿಗೆ ಭಾರ ಎಂಬುದು ನನ್ನ ಅಭಿಪ್ರಾಯ.

ಸಂಘದ ಸಾಲದ ದೊಡ್ಡ ಗುಣ ಬೇಗ ಸಿಗುವುದು, ವಾರದ ಕಂತು. 34,000ಕ್ಕೆ ಶೇ 14ರಂತೆ 156 ವಾರ ಎಂದರೆ ವಾರಕ್ಕೆ 267, ಒಟ್ಟು ಬಡ್ಡಿ 7,700ರೊಳಗೆ. ಅಂಗಡಿಯ 'ಶೇ 12'ಕ್ಕಿಂತ ಇದು ಎಷ್ಟೋ ಅಗ್ಗ. ಚಿಕ್ಕ ಚಿಕ್ಕದಾಗಿ ಕಟ್ಟುವುದರಲ್ಲಿ ಸತ್ವ ಇದೆ. ಕೀನ್ಯಾದ ಎಂ-ಕೋಪಾ ಕಂಪನಿ 2012ರಿಂದ ಮೊಬೈಲ್ ಹಣದಲ್ಲಿ ದಿನದ ಕಂತು ಪಡೆದು ಸೋಲಾರ್ ಕೊಟ್ಟು ಹೆಸರಾಯಿತು, ಕಟ್ಟದ ದಿನ ಪೆಟ್ಟಿಗೆ ತಾನೇ ಬೀಗ ಹಾಕಿಕೊಳ್ಳುತ್ತದೆ. ಕರಾವಳಿಯವರಿಗೆ ದಿನದ ಚಿಲ್ಲರೆ ಕೂಡಿಡುವುದು ಉಡುಪಿಯಲ್ಲಿ 1928ರಲ್ಲಿ ಪಿಗ್ಮಿ ಶುರುವಾದಾಗಿನಿಂದಲೂ ಗೊತ್ತು. ಆದರೆ ಸಂಘದಲ್ಲಿ ಎರಡು ಎಚ್ಚರ ಬೇಕು. ಸಾಲ ನಿಮ್ಮ ಹೆಂಡತಿಯ ಹೆಸರಲ್ಲಿ ಇರುತ್ತದೆ, ಕಂತು ತಪ್ಪಿದರೆ ಜೊತೆಯ ಹೆಂಗಸರ ಮುಂದೆ ತಲೆ ತಗ್ಗಿಸಬೇಕಾದವರು ಅವರು. ಹಾಗಾಗಿ ತೀರ್ಮಾನವೂ ಅವರದೇ ಆಗಬೇಕು, ಯಾವ ದೀಪ ಎಲ್ಲಿ ಎಂಬುದೂ ಸೇರಿ. ಎರಡನೆಯದು, ಮಕ್ಕಳ ಫೀಸಿಗೋ ಹಸುವಿಗೋ ಬೇಕಾಗುವ ಸಾಲದ ಮಿತಿಯನ್ನು ದೀಪಕ್ಕೆ ಖಾಲಿ ಮಾಡಿಕೊಳ್ಳಬೇಡಿ. ಮೈಕ್ರೊಫೈನಾನ್ಸ್ ಕಂಪನಿಯಿಂದಾದರೆ, ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಮನೆಯ ಆದಾಯದ ಅರ್ಧ ಮೀರಬಾರದು ಎಂಬ 2022ರ ರಿಸರ್ವ್ ಬ್ಯಾಂಕ್ ನಿಯಮ ನೆನಪಿರಲಿ. ಅವರು ಮೀರಿ ಕೊಡಲು ಬಂದರೂ ನೀವು ತೆಗೆದುಕೊಳ್ಳಬೇಡಿ.

ಚಿನ್ನ ಅಡವಿಟ್ಟರೆ ಅರ್ಧ ಗಂಟೆಯಲ್ಲಿ ಹಣ ಸಿಗುತ್ತದೆ, ಬಡ್ಡಿಯೂ ಕಡಿಮೆಯೇ. ಆದರೆ ಸಾಮಾನ್ಯವಾಗಿ ವರ್ಷದೊಳಗೆ ಪೂರ್ತಿ ಬಿಡಿಸಿಕೊಳ್ಳಬೇಕು. ಬರುವ ಅಡಿಕೆಯಲ್ಲೇ ತೀರಿಸುವ ಖಾತ್ರಿ ಇದ್ದರೆ ಮಾತ್ರ.

ಕೊಟೇಶನ್ ಬರೆಸುವಾಗ ಪ್ಯಾನೆಲ್, ಬ್ಯಾಟರಿ, ಕಂಟ್ರೋಲರ್, ದೀಪ, ಫ್ಯಾನ್, ತಂತಿ, ಸ್ಟ್ಯಾಂಡ್ ಪ್ರತಿಯೊಂದಕ್ಕೂ ಬೇರೆ ಸಾಲು, ಕಂಪನಿಯ ಹೆಸರು, ಅಳತೆ, ವಾರಂಟಿ ಇರಲಿ. ಪ್ಯಾನೆಲ್ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ 5ಕ್ಕೆ ಇಳಿದಿದೆ, ಹಳೆಯ ದರ ಉಳಿದಿದೆಯೇ ನೋಡಿ. ವರ್ಷಕ್ಕೆ ಎರಡು ಬಾರಿ, ಒಂದು ಬಾರಿ ಮಳೆಗೆ ಮುಂಚೆ, ಬಂದು ನೋಡುವ ಸರ್ವಿಸ್ ಮೂರು ವರ್ಷಕ್ಕೆ ಅದೇ ಬೆಲೆಯಲ್ಲಿ ಸೇರಲಿ. ಬೆಲೆ ಚೌಕಾಸಿ ಮಾಡಿ ಸಾವಿರ ಇಳಿಸಿಕೊಳ್ಳುವ ಬದಲು ಈ ಸರ್ವಿಸನ್ನು ಬರಹದಲ್ಲಿ ಪಡೆಯಿರಿ.

ಬ್ಯಾಂಕ್ ಹಣವನ್ನು ನೇರ ಅಂಗಡಿಯ ಖಾತೆಗೆ ಹಾಕುತ್ತದೆ. 'ತೃಪ್ತಿಕರವಾಗಿ ಅಳವಡಿಸಲಾಗಿದೆ' ಎಂಬ ಪತ್ರಕ್ಕೆ ನಿಮ್ಮ ಸಹಿ ಬಿದ್ದ ಮೇಲೆಯೇ ಅದು ಹೋಗಬೇಕು, ಆದ್ದರಿಂದ ಅರ್ಜಿ ಕಾಗದಗಳ ಜೊತೆ ಆ ಪತ್ರಕ್ಕೂ ಮೊದಲೇ ಸಹಿ ಕೇಳಿದರೆ ಹಾಕಬೇಡಿ. ಎರಡು ರಾತ್ರಿ ಮನೆಯ ಮೇನ್ ಸ್ವಿಚ್ ಆರಿಸಿ, ನಾಲ್ಕೂ ದೀಪ ಮತ್ತು ಫ್ಯಾನ್ ಐದು ಗಂಟೆ ಓಡಿಸಿ ನೋಡಿ. ಬೆಳಗಿನ ಹೊತ್ತು ಬ್ಯಾಟರಿ ಖಾಲಿ ಎಂದು ಹೇಳುವ ಕಂಟ್ರೋಲರಿನ ಕೆಂಪು ದೀಪ ಹತ್ತಿರಬಾರದು. ಆಮೇಲೆ ಸಹಿ. ಬ್ಯಾಟರಿಗೆ ಮೂರು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಬಾವಿ ನೀರು ಬೇಡ. ಕಂಟ್ರೋಲರ್ ಕಟ್ ಆದಾಗ ದೀಪವನ್ನು ನೇರ ಬ್ಯಾಟರಿಗೆ ಸಿಕ್ಕಿಸಲು ಯಾರಿಗೂ ಬಿಡಬೇಡಿ, ಮಿಕ್ಸಿಯನ್ನಂತೂ ಇದಕ್ಕೆ ಹಾಕಲೇಬೇಡಿ.

ಸಾಲ ತೀರಿದ ದಿನ 'ಬಾಕಿ ಇಲ್ಲ' ಪತ್ರ ಪಡೆಯಿರಿ. ಪ್ಯಾನೆಲ್, ಬ್ಯಾಟರಿ ಅಲ್ಲಿಯವರೆಗೆ ಬ್ಯಾಂಕಿನ ಹೈಪಾಥಿಕೇಶನ್‌ನಲ್ಲಿ, ಅಂದರೆ ವಸ್ತು ನಿಮ್ಮ ಮನೆಯಲ್ಲೇ ಇದ್ದು ಸಾಲಕ್ಕೆ ಆಧಾರವಾಗಿ, ಇರುತ್ತವೆ, ಅದು ರದ್ದಾಗಿದೆ ಎಂದೂ ಅದರಲ್ಲಿ ಬರೆಸಿ. ಎರಡು ತಿಂಗಳು ಬಿಟ್ಟು ಸಿಬಿಲ್ ವರದಿಯಲ್ಲಿ (ನಿಮ್ಮ ಸಾಲಗಳ ಚರಿತ್ರೆ) ಈ ಖಾತೆ 'ಮುಚ್ಚಿದೆ' ಎಂದು ತೋರಿಸುತ್ತಿದೆಯೇ ನೋಡಿ. ಮುಂದೆ ಹಸು ಸಾಲಕ್ಕೋ ಬೆಳೆ ಸಾಲಕ್ಕೋ ಹೋದಾಗ ಅದೇ ಶಾಖೆಯವರು ಮೊದಲು ತೆರೆದು ನೋಡುವುದು ಅದನ್ನೇ.